ಮಾಶಾಕನ ಚಪ್ಪಟೆ ತಂತಿ

ಲಕ್ಷ್ಮೇಶ್ವರದ ಮಾಶಾಕ ಹದಿನೆಂಟು ವರ್ಷ ಮದುವೆ ಬ್ಯಾಂಡಿನಲ್ಲಿ ಕ್ಲಾರಿನೆಟ್ ಊದಿದವನು. ೧೯೮೩ರಲ್ಲಿ ಹೊಂಬಳದ ಮದುವೆಗೆ ಹೊರಟಾಗ ಟ್ರ್ಯಾಕ್ಟರಿನಿಂದ ಬಿದ್ದು ಮುಂದಿನ ಮೂರು ಹಲ್ಲು ಕಳೆದುಕೊಂಡ. ಹಲ್ಲಿಲ್ಲದ ಬಾಯಲ್ಲಿ ಕ್ಲಾರಿನೆಟ್ ನಿಂತೀತೆ? ಗಾಳಿಯೆಲ್ಲ ಪುಸ್ಸೆಂದು ಹೊರಗೆ! ಬ್ಯಾಂಡಿನ ಮಾಸ್ತರ ಹುಚ್ಚೀರಪ್ಪ ಒಂದು ವಾರ ನೋಡಿದ, ಆಮೇಲೆ ಎಲ್ಲರೆದುರು ಹೇಳಿಯೇಬಿಟ್ಟ.

"ಮಾಶಾಕ್ಯಾ, ಇನ್ನ ನೀ ಮೈಕಿನ ಗಾಡಿ ದಬ್ಬು. ಆ ಬಾರಸಾವ್ರ ಕೆಂಪಂಗಿ ಬಿಚ್ಚಿಡು."

ಮಾಶಾಕನಿಗೆ ಮೈಯೆಲ್ಲ ಉರಿದುಹೋಯಿತು. "ಅಂಗಿ ಬಿಚ್ಚಂಗಿಲ್ರಿ. ಬಾರಸಾವ ನಾ, ದಬ್ಬಾವ ಅಲ್ಲ," ಎಂದವನೇ ಮನೆಗೆ ನಡೆದ.

ಹೆಂಡತಿ ಗೌಸಬಿ ಅವನಿಗಿಂತ ಒಂದು ಕೈ ಮೇಲು. "ಹಲ್ಲ ಹೋದ್ರ ಹೋಗ್ಲಿ, ಕಿವಿ ಹೋಗ್ಯಾವೇನು? ಕೈಲೆ ಬಾರಸೂದು ಏನರ ಕಲೀರಿ," ಎಂದಳು.

ಗದಗಿನ ಆರ್ಕೆಸ್ಟ್ರಾ ಒಂದು ಆಗಷ್ಟೇ ಮುಚ್ಚಿತ್ತು. ಮಾಶಾಕ ಕ್ಲಾರಿನೆಟ್ ಕೊಟ್ಟು ಅವರ ಹಳೆಯ, ದಪ್ಪ ದನಿಯ ಬೇಸ್ ಗಿಟಾರ್ ತಂದ. ಬೆರಳು ಎಲ್ಲಿ ಒತ್ತಬೇಕೆಂದು ತೋರಿಸುವ ಹಿತ್ತಾಳೆ ಮೆಟ್ಟುಗಳು ಸವೆದು ಕಿತ್ತುಬಂದಿದ್ದವು. ಬಡಿಗೇರ ದೇವಪ್ಪ ಅವನ್ನು ಪೂರಾ ಕಿತ್ತು, ಸಂದು ತುಂಬಿ, ಕಟ್ಟಿಗೆ ನುಣ್ಣಗೆ ಮಾಡಿಕೊಟ್ಟ. ಈಗ ಸ್ವರ ಎಲ್ಲಿದೆಯೆಂದು ಕಿವಿಯೇ ಹೇಳಬೇಕು. ಬ್ಯಾಂಡು ಹಿಡಿದಿದ್ದ ಮುಂಡರಗಿಯ ಮದುವೆಗೆ ಎರಡು ತಿಂಗಳಿತ್ತು. ಅಷ್ಟರಲ್ಲಿ ಕಲಿಯದಿದ್ದರೆ ಗಾಡಿಯೇ ಗತಿ.

ತಂತಿ ಕೊಳ್ಳುವಾಗ ಬ್ಯಾಂಡಿನವರು ಮಾಡುವ ತಪ್ಪನ್ನೇ ಮಾಡಿದ. ಬೀದಿಯಲ್ಲಿ ಊದುವವರಿಗೆ ಜೋರೊಂದೇ ಗೊತ್ತು. ಗದಗಿನ ಅಂಗಡಿಯಲ್ಲಿ ಯಾವುದು ಗಟ್ಟಿಯಾಗಿ ಝಣಗುಟ್ಟಿತೋ ಅದನ್ನೇ ಹಾಕಿಸಿಕೊಂಡು ಬಂದ. ಅದರ ಮೈಗೆ ಸುತ್ತಿದ ಎಳೆ ಗುಂಡಗೆ, ಉಬ್ಬು ಉಬ್ಬು. ಹದಿನೈದೇ ದಿನಕ್ಕೆ, ಬಾವಿಯ ಕಟ್ಟೆಗೆ ಹಗ್ಗ ಉಜ್ಜಿದಂತೆ, ಮೆಟ್ಟಿಲ್ಲದ ಕಟ್ಟಿಗೆಯಲ್ಲಿ ಗೀರು ಬಿದ್ದವು. ಬೆರಳು ಎಳೆದರೆ ಕರ್ರೆನ್ನುತ್ತಿತ್ತು, ಸ್ವರ ಗೀರಿಗೆ ಸಿಕ್ಕಿ ಅತ್ತಿತ್ತ ಹೊರಳುತ್ತಿತ್ತು. ಖಬರು ತಿಳಿದ ಬ್ಯಾಂಡಿನವರು ಹೊಟ್ಟೆ ಹಿಡಿದು ನಕ್ಕರು. ಮಾಶಾಕ ದೇವಪ್ಪನಿಂದ ಕಟ್ಟಿಗೆ ಮತ್ತೆ ಉಜ್ಜಿಸಿ, ಗಿಟಾರ್ ಹೆಗಲಿಗೇರಿಸಿ, ಗದಗಿನ ಬಸ್ಸು ಹತ್ತಿದ.

ಅಂಗಡಿಯ ವಿರೂಪಾಕ್ಷಪ್ಪ ಮತ್ತೆ ಅದೇ ತಂತಿ ಮುಂದಿಟ್ಟ. ಮಾಶಾಕ ಪಕ್ಕದ ಡಬ್ಬಿಯ ತಂತಿಗೆ ಉಗುರು ಎಳೆದು ನೋಡಿದ. ಸುತ್ತಿದ ಎಳೆ ಚಪ್ಪಟೆ, ಚೂರೂ ಸದ್ದಿಲ್ಲ.

"ಇದ ಹಾಕ್ರಿ ಸಾವಕಾರ್ರ."

"ಅದು ಮೆತ್ತಗ ನುಡೀತೈತೋ. ಕಲಿಯಾವ ಅದಿ, ಜೋರ ಇರೂದ ತಗೋ."

"ಕಲಿಯಾವಗ ತಪ್ಪು ಕೇಳಬೇಕ್ರಿ, ತಂತಿ ಕರಕರ ಅಲ್ಲ. ಕ್ಲಾರಿನೆಟ್‌ನ್ಯಾಗ ಸ್ವರಾ ತುಟೀಲೆ ಜಾರಸತಿದ್ದೆ, ಈಗ ಬೆರಳು ಜಾರಬೇಕು. ನನ್ನ ಕಟಗೀನೂ ಉಳೀಬೇಕು. ಹಾಕ್ರಿ ಜಲ್ದಿ."

ಆಮೇಲೆ ಮಾಶಾಕ ಮನುಷ್ಯನಾಗಿ ಉಳಿಯಲಿಲ್ಲ. ಉಂಡರೂ ಗಿಟಾರ್, ಕೂತರೂ ಗಿಟಾರ್. ಬ್ಯಾಂಡಿನ ಮೂಲಸ್ವರ ಸಾ ಎಷ್ಟಕ್ಕೆ ನಿಲ್ಲುತ್ತದೆಂದು ಹದಿನೆಂಟು ವರ್ಷದಿಂದ ಕಿವಿಯಲ್ಲೇ ಇತ್ತು. ಅಷ್ಟಕ್ಕೇ ದಪ್ಪ ತಂತಿ ಹೊಂದಿಸಿಕೊಂಡ.

ಮುಂಡರಗಿಯ ಮದುವೆಗೆ ಕೆಂಪಂಗಿ ತೊಟ್ಟೇ ಹೋದ. ಯಾರನ್ನೂ ಕೇಳದೆ ಗಾಡಿಯ ಮೈಕಿನ ಸೆಟ್ಟಿಗೆ ಗಿಟಾರಿನ ವೈರು ಚುಚ್ಚಿದ. "ಒಂದ ಹಾಡು. ಕೆಟ್ರ ಸೀದಾ ಗಾಡಿ ಹಿಂದ ಹೋಗಬೇಕ ಮತ್ತ," ಎಂದ ಹುಚ್ಚೀರಪ್ಪ. ಮಾಶಾಕ ಹೂಂ ಅಂದ.

ಮೆರವಣಿಗೆ ಹೊರಟಿತು. ಬಿಸಿಲು ಕೆಟ್ಟದಾಗಿತ್ತು, ಕಾದ ವಾದ್ಯದ ಸ್ವರ ತಾನೇ ಏರುತ್ತದೆ. ಮಾಶಾಕನ ಜಾಗಕ್ಕೆ ಬಂದಿದ್ದ ಫಕ್ಕೀರಪ್ಪ ದಮ್ಮು ಕಟ್ಟಿ ಊದುತ್ತ ಊದುತ್ತ ಸ್ವರ ಏರಿಸಿಬಿಟ್ಟ. ಟ್ರಂಪೆಟ್ ಊದುತ್ತಿದ್ದ ಹುಚ್ಚೀರಪ್ಪನೂ ಅವನ ಹಿಂದೆಯೇ ಏರಿದ. ಮಾಶಾಕನ ಬೆರಳು ಮಾತ್ರ ತನ್ನ ಸಾ ಬಿಟ್ಟು ಅಲುಗಲಿಲ್ಲ. ಅಪಸ್ವರ ಕಿವಿಗೆ ರಾಚಿತು, ಬೀಗರೂ ಹೊರಳಿ ನೋಡಿದರು.

"ಲೇ ಮಾಶಾಕ್ಯಾ, ಎಲ್ಲಿ ಅದಿಯೋ? ನಮ್ಮ ಕೂಡ ಬಾ!" ಎಂದು ಒದರಿದ ಹುಚ್ಚೀರಪ್ಪ.

"ನಾ ಎಲ್ಲಿ ಬರ್ಲಿರಿ ಮಾಸ್ತರ? ಸಾ ಇಲ್ಲೇ ಐತಿ. ನೀವ ಬರ್ರಿ."

ಹುಚ್ಚೀರಪ್ಪ ಬಾಯಿಂದ ಟ್ರಂಪೆಟ್ ತೆಗೆದು ಒಂದು ಗಳಿಗೆ ಕೇಳಿದ. ಮತ್ತೆ ಬಾಯಿಗಿಟ್ಟುಕೊಂಡು, ಸ್ವರ ಇಳಿಸಿ, ಮಾಶಾಕನ ಸಾ ಸ್ವರಕ್ಕೆ ಬಂದು ಕೂಡಿದ.