ಊರಿನ ನೀರಿನ ಮೇಲೆ ಪ್ರಬಂಧ ಬರೆಸಿದ ಮೆಹಜಬೀನ

ಕುಷ್ಟಗಿ ತಾಲೂಕಿನ ಒಂದು ಊರಿನ ಪ್ರೌಢಶಾಲೆಯಲ್ಲಿ ಮೆಹಜಬೀನ ಆರು ವರ್ಷ ಕನ್ನಡ ಕಲಿಸಿದಳು. ಊರಿನ ಹೆಸರು ಒಮ್ಮೆ ಪತ್ರಿಕೆಯಲ್ಲಿ ಅಚ್ಚಾಗಿ ಆದದ್ದೇ ಸಾಕು, ಇಲ್ಲಿ ಬೇಡ. ಅವಳದು ಅತಿಥಿ ಶಿಕ್ಷಕಿಯ ಕೆಲಸ. ಜೂನ್‌ನಲ್ಲಿ ಕರೆಯುತ್ತಿದ್ದರು, ಮಾರ್ಚ್ ಬಂದರೆ ಬಿಡಿಸುತ್ತಿದ್ದರು. ಹುಟ್ಟಿ ಬೆಳೆದದ್ದೂ ಅದೇ ಊರಲ್ಲಿ. ತಂದೆ ಮರ್ದಾನಸಾಬ ಸಂತೆಗಳಲ್ಲಿ ಬಳೆ ಮಾರುತ್ತಿದ್ದವನು, ಬೇಗ ತೀರಿಕೊಂಡ. ಮನೆಯಲ್ಲಿ ತಾಯಿ ಅಬೇದಾಬಿ ಇದ್ದಳು. ಅವಳ ಬೆನ್ನು ಎಷ್ಟು ಬಾಗಿತ್ತೆಂದರೆ ಎದುರಿಗೆ ನಿಂತವರ ಮುಖ ನೋಡಲು ಅವಳು ಕೂರಬೇಕಾಗುತ್ತಿತ್ತು. ಆ ಊರಲ್ಲಿ ಅದು ವಿಶೇಷವೇನೂ ಆಗಿರಲಿಲ್ಲ. ವಯಸ್ಸಾದರೆ ಹಾಗೇ ಎಂದುಕೊಂಡಿದ್ದರು.

ಮೊದಲೆಲ್ಲ ಮೆಹಜಬೀನಳ ಪ್ರಬಂಧ ಪಾಠವೂ ಬೇರೆಯವರ ಪಾಠದಂತೆಯೇ ಇತ್ತು. ಪೀಠಿಕೆ, ವಿವರಣೆ, ಉಪಸಂಹಾರ ಎಂದು ಬೋರ್ಡಿನ ಮೇಲೆ ಬರೆಯುತ್ತಿದ್ದಳು. ಹತ್ತನೆಯ ತರಗತಿಯ ಮಕ್ಕಳು ಗೈಡಿನಲ್ಲಿದ್ದದ್ದನ್ನು ಬಾಯಿಪಾಠ ಮಾಡಿ ಒಪ್ಪಿಸುತ್ತಿದ್ದರು, ಅವಳು ಅಂಕ ಹಾಕುತ್ತಿದ್ದಳು.

ಐದನೆಯ ವರ್ಷದ ಬೇಸಿಗೆಯಲ್ಲಿ ಅಬೇದಾಬಿ ಸತ್ತಳು. ಮೈ ತೊಳೆಯಲು ಬಂದ ಹೆಂಗಸರಿಗೆ ದೇಹವನ್ನು ನೆಟ್ಟಗೆ ಮಲಗಿಸಲಾಗಲಿಲ್ಲ. ಹಿರಿಯಳೊಬ್ಬಳು ಮೊಣಕಾಲು ಒತ್ತಿ ನೋಡಿ, ಕೈ ತೆಗೆದು, ಬೇಡ ಎಂದು ತಲೆಯಾಡಿಸಿದಳು. ಕಫನ್ ಬಟ್ಟೆಯನ್ನು ಆ ಬಾಗಿದ ಮೈಮೇಲೆಯೇ ಸುತ್ತಿದರು. ಗೋರಿಯನ್ನು ಇನ್ನಷ್ಟು ಅಗಲ ತೋಡಲು ಕಬರಸ್ತಾನಕ್ಕೆ ಹೇಳಿ ಕಳಿಸಿದರು. ಮೆಹಜಬೀನ ಬಾಗಿಲಲ್ಲಿ ನಿಂತು ಇದನ್ನೆಲ್ಲ ನೋಡಿದಳು. ಅಳು ಬಂದದ್ದು ಎಷ್ಟೋ ದಿನಗಳ ಮೇಲೆ.

ಜೂನ್‌ನಲ್ಲಿ ಶಾಲೆಗೆ ಹೋದಾಗ ಅವಳು ಗೈಡುಗಳನ್ನು ಮುಚ್ಚಿಸಿದಳು.

"ಮಾಹಿತಿ ಪ್ರಬಂಧ ಯಾತಕ್ಕ ಬರೀತೀವಿ?"

"ಪಾಸಾಗಾಕ್ರಿ," ಎಂದ ದುರಗೇಶ. ತರಗತಿ ನಕ್ಕಿತು.

"ಓದಾವ್ರಿಗೆ ಗೊತ್ತಿಲ್ಲದ್ದನ್ನ ತಿಳಿಸಾಕ," ಎಂದಳು ಮೆಹಜಬೀನ. "ಅಳಬ್ಯಾಡ್ರಿ, ಬೈಬ್ಯಾಡ್ರಿ, ಹೊಗಳಬ್ಯಾಡ್ರಿ. ಏನೈತಿ, ಎಲ್ಲೈತಿ, ಯಾವಾಗಿಂದ ಐತಿ, ಅಷ್ಟ ಬರೀರಿ. ಕಂಡದ್ದನ್ನ ಕಂಡೀನಿ ಅನ್ರಿ, ಕೇಳಿದ್ದನ್ನ ಯಾರ ಬಾಯಾಗ ಕೇಳೀನಿ ಅಂತ ಹೇಳ್ರಿ."

ವಿಷಯ ಊರಿನ ನೀರು. ಮರುದಿನ ದುರಗೇಶ "ನಮ್ಮೂರ ನೀರು ವಿಷ" ಎಂದು ಶುರುಮಾಡಿ ತಂದ. ಯಾರು ಹೇಳಿದರು ಎಂದು ಅವಳು ಕೇಳಿದಾಗ ಎಲ್ಲರೂ ಅಂತಾರ್ರಿ ಎಂದ. "ಎಲ್ಲರೂ ಅಂದ್ರ ಯಾರು? ಹೋಗಿ ಕೇಳ್ಕೊಂಡು ಬಾ," ಎಂದು ಹಾಳೆ ತಿರುಗಿ ಕೊಟ್ಟಳು. ಹೀಗೆ ಮಕ್ಕಳು ಮನೆಮನೆಗೆ ಹೋಗತೊಡಗಿದರು. ಮುದುಕರು ಬೈದು ಕಳಿಸಿದರೆ ಮತ್ತೆ ಹೋದರು. ಬರೆದದ್ದನ್ನು ಅವಳು ಹೊಡೆದುಹಾಕಿದಳು, ಅವರು ಮತ್ತೆ ಬರೆದರು.

ಎಲ್ಲರಿಗಿಂತ ಚೆನ್ನಾಗಿ ಬರೆದವಳು ಸಹನಾ, ಪಂಚಾಯಿತಿಯ ನೀರು ಬಿಡುವ ಹೇಮಪ್ಪನ ಕಿರಿಯ ಮಗಳು. ಅವಳ ಪ್ರಬಂಧ ಹೀಗಿತ್ತು: "ಊರಿಗೆ ನೀರು ಬರುವುದು ಕೊಳವೆಬಾವಿಗಳಿಂದ. ಈ ನೀರಿನಲ್ಲಿ ಫ್ಲೋರೈಡ್ ಹೆಚ್ಚಾಗಿದೆ, ಅದರಿಂದ ಎಲುಬು ಬಾಗುತ್ತವೆ ಎಂದು ಆರೋಗ್ಯ ಶಿಬಿರದವರು ಹೇಳಿದ್ದನ್ನು ನನ್ನ ತಂದೆ ಕೇಳಿದ್ದಾರೆ. ನೀರು ತಿಳಿಯಾಗಿದೆ, ರುಚಿಯೂ ಕೆಟ್ಟಿಲ್ಲ. ನಮ್ಮ ಓಣಿಯಲ್ಲಿ ನಲವತ್ತು ದಾಟಿದ ಹೆಂಗಸರು ಗೋಡೆ ಹಿಡಿದು ಏಳುತ್ತಾರೆ. ನನ್ನ ತಾಯಿಯೂ ಹಾಗೆಯೇ ಏಳುತ್ತಾಳೆ. ಶುದ್ಧ ನೀರಿನ ಘಟಕ ಹೋದ ವರ್ಷ ಕೆಟ್ಟಿತು. ಈಗ ಅದರೊಳಗೆ ಮೇವು ಒಟ್ಟಿದ್ದಾರೆ."

"ಮೇವಿನ ಸಾಲು ತೆಗೀಲೇನ್ರಿ ಟೀಚರ್?"

"ನೀ ನೋಡೀಯೇನು?"

"ನೋಡೀನ್ರಿ."

"ಹಂಗಾರ ಇರ್ಲಿ."

ಮೆಹಜಬೀನ ಅದನ್ನು ತಾಲೂಕು ಸ್ಪರ್ಧೆಗೆ ಕಳಿಸಿದಳು, ಮೊದಲ ಬಹುಮಾನ ಬಂತು. ಕೊಪ್ಪಳದ ಒಂದು ವಾರಪತ್ರಿಕೆ ಹುಡುಗಿಯ ಹೆಸರು, ಊರಿನ ಹೆಸರು ಸಮೇತ ಅದನ್ನು ಅಚ್ಚು ಮಾಡಿತು. ಮುಂದಿನ ವಾರವೇ ತಾಲೂಕು ಕಚೇರಿಯ ಜೀಪು ಬಂತು. ಮೇವು ಹೊರಗೆ ಬಿತ್ತು, ಘಟಕಕ್ಕೆ ಹೊಸ ಮೋಟರು ಕೂಡಿಸಿದರು. ಮೊದಲ ದಿನ ಸಾಲಿನಲ್ಲಿ ನಿಂತು ಒಂದು ಕ್ಯಾನ್ ತುಂಬಿಸಿಕೊಂಡು ಬಂದ ಮೆಹಜಬೀನ, ತಾಯಿ ಇದ್ದಿದ್ದರೆ ಎಂದುಕೊಂಡಳು.

ಹೇಮಪ್ಪನ ಹಿರಿಯ ಮಗಳು ಹುಲಿಗೆಮ್ಮನಿಗೆ ಆಗ ಯಲಬುರ್ಗಾ ಕಡೆಯ ಗಂಡು ನಿಶ್ಚಯವಾಗಿತ್ತು. ಪತ್ರಿಕೆ ಅವರ ಊರಿಗೂ ಮುಟ್ಟಿತು. ಹುಡುಗನ ಸೋದರಮಾವ ಫೋನ್ ಮಾಡಿದ.

"ಹೇಮಪ್ಪ, ನಿಮ್ಮ ಮಗಳ ಬರದಾಳಲ್ಲೋ. ನಲವತ್ತಕ್ಕ ಗ್ವಾಡಿ ಹಿಡದು ಏಳಾಕಿನ್ನ ನಾವ್ ಹೆಂಗ ಮನಿ ತುಂಬಿಸ್ಕೊಳ್ಳೂಣು?"

ಹೇಮಪ್ಪ ಫೋನ್ ಇಟ್ಟ. ಆ ಮದುವೆ ಮುರಿಯಿತು. ಬರಬರುತ್ತಾ ಬೇರೆ ಮನೆಗಳಿಗೂ ನೋಡಲು ಬರುವವರು ಕಡಿಮೆಯಾದರು. ಆ ಊರಿನ ಹೆಣ್ಣು ಬೇಡ ಎಂಬ ಮಾತು ಸುತ್ತಲಿನ ಹಳ್ಳಿಗಳಲ್ಲಿ ಹರಡಿತು. ನೀರು ಬಿಡುವವನೇ ಒಳಗಿನದೆಲ್ಲ ಹೇಳಿಕೊಟ್ಟ ಎಂದು ಹೇಮಪ್ಪನ ಜೊತೆ ಜನ ಮಾತು ಬಿಟ್ಟರು.

ಒಂದು ಮಧ್ಯಾಹ್ನ ಶಾಲಾ ಸಮಿತಿಯ ಅಧ್ಯಕ್ಷ ಕೊಟ್ರೇಶ ನಾಲ್ಕು ಮಂದಿಯನ್ನು ಕಟ್ಟಿಕೊಂಡು ಶಾಲೆಗೆ ಬಂದ. ಅವನಿಗೂ ಮದುವೆಗೆ ಬಂದ ಮಗಳಿದ್ದಳು.

"ಟೀಚರ್, ಅದರಾಗ ಸುಳ್ಳೇನಿಲ್ಲ ಬಿಡ್ರಿ, ನಾನೂ ಒಪ್ತೀನಿ," ಎಂದ. "ಆದ್ರ ಊರ ಹೊರಗ ಯಾಕ ಒಯ್ದ್ರಿ?"

"ಊರಾಗ ಇದ್ದಾಗ ಯಾರು ಕೇಳಿದ್ರು ಹೇಳ್ರಿ," ಎಂದಳು ಮೆಹಜಬೀನ.

"ಈಗ ನಮ್ಮ ಹುಡಿಗೇರನ್ನ ಯಾರು ಕೇಳ್ತಾರ, ಅದನ್ನ ನೀವ್ ಹೇಳ್ರಿ."

ಹೊರಡುವಾಗ ಕೊಟ್ರೇಶ ಬಾಗಿಲಲ್ಲಿ ತಿರುಗಿ ನಿಂತ. "ನಿಮ್ಮವ್ವ ಸತ್ತ ಸಂಕಟಾನ ನಮ್ಮ ಮಕ್ಕಳ ಕೈಲೆ ಬರಸಿದ್ರಿ ನೀವು."

ಬೈಗುಳವಾಗಿದ್ದರೆ ಅವಳು ಮರೆಯುತ್ತಿದ್ದಳೇನೋ. ಆ ಮಾತು ಮಾತ್ರ ಒಳಗೆ ಉಳಿಯಿತು. ಅಳಬೇಡಿ ಎಂದು ಮಕ್ಕಳಿಗೆ ಹೇಳಿದವಳು ತಾನೇ ಅವರ ಪ್ರಬಂಧದಲ್ಲಿ ಅತ್ತಿದ್ದೆನೇ ಎಂದು ಎಷ್ಟೋ ಸಲ ಕೇಳಿಕೊಂಡಳು.

ಸಹನಾಳ ತಾಯಿ ಮಾರೆವ್ವ ಒಂದು ದಿನ ಅವಳ ಮನೆಗೆ ಬಂದು ಕಟ್ಟೆಯ ಮೇಲೆ ಕೂತಳು. ಜಗಳಕ್ಕೆ ಬಂದವಳಲ್ಲ. ಚಹಾ ಬೇಡ ಎಂದಳು. ಮೊಣಕಾಲು ನೀವಿಕೊಳ್ಳುತ್ತಾ, "ನನ್ನ ಮೊಣಕಾಲಂತೂ ಹೋಗ್ಯಾವ. ಅದನ್ನ ಬರದ್ರ ನನಗೇನೂ ಇಲ್ರಿ. ಹುಲಿಗಿ ಉಣ್ಣೂದು ಬಿಟ್ಟಾಳ," ಎಂದಳು. ಮೆಹಜಬೀನ ಎಬ್ಬಿಸಲು ಕೈ ಚಾಚಿದಾಗ ಬೇಡವೆಂದು ಗೋಡೆ ಹಿಡಿದೇ ಎದ್ದು ಹೋದಳು.

ಮುಂದಿನ ಜೂನ್‌ನಲ್ಲಿ ಮೆಹಜಬೀನಳನ್ನು ಕರೆಯಲಿಲ್ಲ. ಯಾಕೆಂದು ಅವಳೂ ಕೇಳಲಿಲ್ಲ. ಮನೆಗೆ ಬೀಗ ಹಾಕಿ ಗಂಗಾವತಿಯಲ್ಲಿದ್ದ ಅಕ್ಕ ತಸ್ಲೀಮಾಳ ಮನೆ ಸೇರಿದಳು. ಅಲ್ಲಿಯ ಒಂದು ಟ್ಯೂಷನ್ನಿನಲ್ಲಿ ಕೆಲಸ ಸಿಕ್ಕಿತು. ಮಾಲೀಕ ಅಬ್ದುಲರೌಫ ಒಳ್ಳೆಯವನೇ, ಆದರೆ ಪ್ರಬಂಧಗಳನ್ನು ಮೊದಲೇ ಅಚ್ಚು ಹಾಕಿಸಿ ಇಟ್ಟಿದ್ದ. "ಇವನ್ನ ಓದಿ ಹೇಳ್ರಿ, ಬರಕೋತಾರ. ಅಷ್ಟ ಸಾಕು," ಎಂದ. ಅವಳು ಓದಿ ಹೇಳಿದಳು. ಭತ್ತದ ಗದ್ದೆಗಳ ನಡುವಿನ ಹಳ್ಳಿಗಳಿಂದ ಬಂದ ಮಕ್ಕಳು ತಲೆ ಎತ್ತದೆ ಬರೆದುಕೊಂಡರು. ಮತ್ತೆ ಸರ್ಕಾರಿ ಶಾಲೆ ಸಿಕ್ಕರೆ ಮೊದಲಿನ ಹಾಗೇ ಕಲಿಸುತ್ತೀಯಾ ಎಂದು ತಸ್ಲೀಮಾ ಒಮ್ಮೆ ಕೇಳಿದಳು. ಮೆಹಜಬೀನ ಒಗೆದ ಬಟ್ಟೆ ಮಡಚುತ್ತಿದ್ದಳು, ಮಡಚುತ್ತಲೇ ಇದ್ದಳು.

ಹೋದ ದೀಪಾವಳಿಯ ಸುಮಾರಿಗೆ ಕುಷ್ಟಗಿ ಬಸ್‌ಸ್ಟ್ಯಾಂಡಿನಲ್ಲಿ ಅವಳಿಗೆ ಸಹನಾ ಸಿಕ್ಕಳು. ಕನ್ನಡದಲ್ಲಿ ಶಾಲೆಗೇ ಹೆಚ್ಚು ಅಂಕ ತೆಗೆದಿದ್ದ ಹುಡುಗಿ ಕಾಲೇಜಿಗೆ ಹೋಗಿರಲಿಲ್ಲ. ಹತ್ತಿ ಬೀಜದ ಹೊಲಕ್ಕೆ, ಹೂವಿಗೆ ಹೂವು ಸವರುವ ಕೂಲಿಗೆ ಹೋಗುತ್ತಿದ್ದಳು. ಬೆರಳ ತುದಿಗಳು ಹೂವಿನ ಪುಡಿಯಿಂದ ಹಳದಿಯಾಗಿದ್ದವು.

"ಅಕ್ಕನ ಲಗ್ನ ಆತ್ರಿ," ಎಂದಳು. "ಸಿಂಧನೂರು ಕಡಿ ಕೊಟ್ಟಾರ. ಅವಂಗ ಮೊದಲಿನ ಹೇಣ್ತಿ ಸತ್ತಾಳ. ದೊಡ್ಡ ಮಕ್ಕಳದಾವ. ಅಕ್ಕ ನನ್ನ ಜೋಡಿ ಮಾತಾಡಂಗಿಲ್ರಿ."

"ಘಟಕ?"

"ಶ್ರಾವಣದಾಗ ಮತ್ತ ನಿಂತೈತ್ರಿ. ಒಳಗ ನೀರು ಸೋಸೂ ಜಾಳಗಿ ಬದಲಿ ಮಾಡಬೇಕಂತ, ಯಾರೂ ಮಾಡವಲ್ಲರು."

"ಮತ್ತ ಏನು ಕುಡೀತೀರಿ?"

ಸಹನಾ ಅವಳ ಮುಖ ನೋಡಿದಳು. "ನಳದ್ದು ಕುಡೀತೀವ್ರಿ," ಎಂದಳು.

ಗಂಗಾವತಿ ಬಸ್ ಬಂತು, ಜನ ನುಗ್ಗಿದರು. ಸಹನಾ ಮುಂದೆ ಹೋಗಿ ಕಿಟಕಿಯೊಳಗೆ ತನ್ನ ಟವೆಲ್ ಎಸೆದು ಟೀಚರಿಗೆ ಸೀಟು ಹಿಡಿದಳು. ಮೆಹಜಬೀನ ಹತ್ತಿ ಕೂತು ಟವೆಲನ್ನು ಕೆಳಗೆ ಚಾಚಿದಾಗ, ಹುಡುಗಿ ಅದನ್ನು ತೆಗೆದುಕೊಂಡು, ಕೂಲಿಯವರ ಟಂಟಂ ಗಾಡಿ ನಿಂತಿದ್ದ ಕಡೆಗೆ ಬೇಗಬೇಗ ನಡೆದಳು.