ಕೊಬ್ಬರಿ ಅಂಗಳದ ಬಾಸ್ಕೆಟ್‌ಬಾಲ್

ಎಣ್ಣೆ ಮಿಲ್ಲಿನ ಮುಂದೆ ಹಾದುಹೋಗುವಾಗ ಒಣಕೊಬ್ಬರಿಯ ಆ ಸಿಹಿಯಾದ, ತುಸು ಕಮಟಾದ ವಾಸನೆ ಮೂಗಿಗೆ ಬಿದ್ದರೆ ಬೇರೆಯವರಿಗೆ ಅಡುಗೆಮನೆ ನೆನಪಾಗಬಹುದು. ನನಗೆ ಬಾಸ್ಕೆಟ್‌ಬಾಲ್ ನೆನಪಾಗುತ್ತದೆ. ಉಪ್ಪಳದಲ್ಲಿ ಹೆದ್ದಾರಿಗೆ ಮುಖ ಮಾಡಿಕೊಂಡಿದ್ದ ನಮ್ಮ ಮನೆಯ ಮುಂದೆ ದೊಡ್ಡದೊಂದು ಸಿಮೆಂಟಿನ ಅಂಗಳವಿತ್ತು. ಅಪ್ಪನದು ಕೊಬ್ಬರಿ ವ್ಯಾಪಾರ. ಒಡೆದ ತೆಂಗಿನಕಾಯಿಗಳು ಆಕಾಶಕ್ಕೆ ಬಾಯಿ ತೆರೆದು ಸಾಲಾಗಿ ಒಣಗುತ್ತಿದ್ದವು. ವ್ಯಾಪಾರ ಅಪ್ಪನದಾದರೂ ಅಂಗಳ ಅಜ್ಜಿಯದು. ಜಗಲಿಯಲ್ಲಿ ಕಾಲು ಚಾಚಿ ಕುಳಿತು, ಉದ್ದದ ಬಿದಿರುಕೋಲಿನಿಂದ ಕಾಗೆಗಳನ್ನೂ ನಮ್ಮನ್ನೂ ಸಮನಾಗಿ ಓಡಿಸುತ್ತಿದ್ದಳು. ನಿಮ್ಮ ಮನೆಯಲ್ಲೂ ಹೀಗೆ ಒಬ್ಬರು ಕುಳಿತಿದ್ದ ಜಾಗವೊಂದು ಇದ್ದಿರಬಹುದು. ಅಲ್ಲಿ ಅವರಿಲ್ಲದಿದ್ದಾಗಲೂ ನೀವು ತುಸು ಬಗ್ಗಿಯೇ ನಡೆಯುತ್ತಿದ್ದಿರಬಹುದು.

ಚಿಕ್ಕಪ್ಪ ದುಬೈಯಲ್ಲಿದ್ದ. ಮದುವೆಗೆಂದು ಬಂದವನು ರಜೆ ಮುಗಿದ ಕೂಡಲೇ ಹೊಸ ಹೆಂಡತಿಯನ್ನು ನಮ್ಮಲ್ಲಿ ಬಿಟ್ಟು ವಿಮಾನ ಹತ್ತಿದ್ದ. ಮಂಗಳೂರಿನ ಹುಡುಗಿ ಶೋಭಾ, ನಮ್ಮ ಚಿಕ್ಕಮ್ಮ. ಬಹಳ ಉದ್ದ, ಮಾತು ಕಡಿಮೆ. ಕೆಲಸ ಮುಗಿದ ಮೇಲೆ ಬಾವಿಕಟ್ಟೆಯ ಹತ್ತಿರ ಒಬ್ಬಳೇ ನಿಂತಿರುತ್ತಿದ್ದಳು. ಆ ದಿನಗಳಲ್ಲಿ ಊರಿಗೆ ಬರುವವರೊಬ್ಬರ ಕೈಯಲ್ಲಿ ಚಿಕ್ಕಪ್ಪ ಒಂದು ಚೆಂಡು ಕಳಿಸಿದ. ಅಣ್ಣ ಕೇಳಿದ್ದು ಫುಟ್‌ಬಾಲ್. ಬಂದದ್ದು ಕಿತ್ತಳೆ ಬಣ್ಣದ, ಮೈಯೆಲ್ಲ ಹರಳು ಹರಳಾದ, ಭಾರದ ಚೆಂಡು. ಅಣ್ಣ ಅದನ್ನು ಬಲವಾಗಿ ಒದ್ದು, ಕಾಲಿನ ಹೆಬ್ಬೆರಳು ಹಿಡಿದುಕೊಂಡು ಕೂತುಬಿಟ್ಟ.

"ಅಯ್ಯೋ, ಅದನ್ನು ಒದೆಯುವುದಲ್ಲ ಮಾರಾಯ!"

ಬಟ್ಟೆ ಒಣಗಿಸುತ್ತಿದ್ದ ಚಿಕ್ಕಮ್ಮ ಅಂಗಳಕ್ಕೆ ಬಂದಿದ್ದಳು. ಸೆರಗನ್ನು ಸೊಂಟಕ್ಕೆ ಸಿಕ್ಕಿಸಿ ಚೆಂಡನ್ನೆತ್ತಿಕೊಂಡಳು. ಒಂದೇ ಕೈಯಿಂದ ಅದನ್ನು ನೆಲಕ್ಕೆ ಪುಟಿಸುತ್ತ, ಅದರ ಕಡೆ ನೋಡದೆಯೇ, ಒಣಗಲು ಹಾಕಿದ್ದ ಕೊಬ್ಬರಿಯ ಸಾಲುಗಳ ನಡುವೆ ಹಾವಿನಂತೆ ಸುಳಿದು ಓಡಿದಳು. ಕೊನೆಗೆ ಹಾರಿ, ಚೆಂಡನ್ನು ಕೊಬ್ಬರಿ ತುಂಬಿಡುವ ಶೆಡ್ಡಿನ ಗೋಡೆಯ ಮೇಲಕ್ಕೆ ತಟ್ಟಿ ಮತ್ತೆ ಹಿಡಿದು ನಕ್ಕಳು. ಅವಳ ನಗು ನಾವು ಕೇಳಿದ್ದು ಅದೇ ಮೊದಲು. ಅಜ್ಜಿಯ ಕೋಲು ಎತ್ತಿದಲ್ಲೇ ನಿಂತಿತ್ತು. ಕಾಗೆಯೊಂದು ಧಾರಾಳವಾಗಿ ಕುಕ್ಕುತ್ತಿತ್ತು.

"ಎಂತ ಅದು? ಎಲ್ಲಿ ಕಲಿತದ್ದು?" ಅಜ್ಜಿ ಕೇಳಿದಳು.

ಚಿಕ್ಕಮ್ಮನ ಮುಖ ಬಾಡಿತು. "ಕಾಲೇಜು ಟೀಮಿನಲ್ಲಿ ಆಡ್ತಿದ್ದೆ ಅತ್ತೆ. ಮದುವೆಯ ಮಾತಾಗುವಾಗ ಹೇಳ್ಬೇಡ ಅಂತ ಮನೆಯಲ್ಲಿ ಹೇಳಿದ್ರು."

ಅಜ್ಜಿ ಜಗಲಿಯಿಂದಿಳಿದು ಅಂಗಳವನ್ನೆಲ್ಲ ಒಂದು ಸುತ್ತು ನೋಡಿ ಬಂದಳು. "ಒಂದು ಹೋಳು ಕೂಡ ತುಳಿಯಲಿಲ್ಲ ನೀನು! ಈ ಮಕ್ಕಳು ಸುಮ್ಮನೆ ನಡೆದರೂ ಚೆಲ್ಲಾಪಿಲ್ಲಿ ಮಾಡ್ತವೆ. ಇವಕ್ಕೂ ಕಲಿಸು" ಎಂದಳು.

ಹಾಗೆ ಶುರುವಾಯಿತು. ಪೇಟೆಯ ವೆಲ್ಡಿಂಗ್ ಅಂಗಡಿಯಲ್ಲಿ ಕಬ್ಬಿಣದ ಬಳೆ ತಯಾರಾಯಿತು; ಹಳೆಯ ಬಾಗಿಲಿನ ಹಲಗೆಯ ಸಮೇತ ಅದು ಶೆಡ್ಡಿನ ಗೋಡೆ ಏರಿತು. ನೆಲದಿಂದ ಸರಿಯಾಗಿ ಹತ್ತು ಅಡಿ ಎತ್ತರ. "ಮಕ್ಕಳಿಗೆ ಸ್ವಲ್ಪ ತಗ್ಗಿಸಿದರೆ ಆಗದಾ?" ಎಂದು ಅಪ್ಪ ಕೇಳಿದರೆ, "ಮಕ್ಕಳು ಬೆಳೀತಾರೆ ಭಾವ, ಬಳೆ ಬೆಳೆಯುವುದಿಲ್ಲ" ಎಂದಳು ಚಿಕ್ಕಮ್ಮ. ಸಂಜೆ ಕೊಬ್ಬರಿ ರಾಶಿ ಒಳಗೆ ಹೋದ ಮೇಲೆ, ಇನ್ನೂ ಬೆಚ್ಚಗಿರುತ್ತಿದ್ದ ಎಣ್ಣೆಜಿಡ್ಡಿನ ಸಿಮೆಂಟಿನ ಮೇಲೆ ಅವಳು ಸುಣ್ಣದಲ್ಲಿ ಗೆರೆ ಎಳೆಯುತ್ತಿದ್ದಳು. ಪಕ್ಕದ ಮನೆಯ ಸಫಿಯಾ ತನ್ನ ತಮ್ಮಂದಿರನ್ನು ಕರೆದುಕೊಂಡು ಬರುತ್ತಿದ್ದಳು. ನಿಜವಾದ ಆಟಕ್ಕೆ ತಂಡಕ್ಕೆ ಐವರು ಬೇಕು. ನಾವು ಇದ್ದಷ್ಟು ಜನರನ್ನು ಎರಡು ಪಾಲು ಮಾಡಿಕೊಂಡೆವು. ಚೆಂಡು ಕೈಯಲ್ಲಿದ್ದಾಗ ನಡೆಯಬೇಕೆಂದರೆ ಪುಟಿಸುತ್ತಲೇ ನಡೆಯಬೇಕು, ಅದು ಡ್ರಿಬ್ಲಿಂಗ್. ಪುಟಿಸುವುದನ್ನು ನಿಲ್ಲಿಸಿ ಎರಡೂ ಕೈಯಲ್ಲಿ ಹಿಡಿದೆವೋ, ಮತ್ತೆ ಪುಟಿಸುವಂತಿಲ್ಲ. ಜೊತೆಯವರಿಗೆ ಪಾಸ್ ಮಾಡಬೇಕು, ಇಲ್ಲವೇ ಬಳೆಗೆ ಎಸೆಯಬೇಕು. ಚೆಂಡು ಹಿಡಿದು ನಿಂತವರು ಒಂದು ಕಾಲು ಎತ್ತಿ ಸುತ್ತಬಹುದು, ಇನ್ನೊಂದು ಮಾತ್ರ ಊರಿದಲ್ಲೇ ಇರಬೇಕು. "ಗೂಟಕ್ಕೆ ಕಟ್ಟಿದ ಕರುವಿನ ಹಾಗೆ," ಎನ್ನುತ್ತಿದ್ದಳು ಚಿಕ್ಕಮ್ಮ. ಆ ಕಾಲೂ ಎದ್ದು ಚೆಂಡಿನೊಂದಿಗೆ ನಡೆದುಬಿಟ್ಟರೆ ಅದು ಟ್ರಾವೆಲಿಂಗ್, ಚೆಂಡು ಎದುರಾಳಿಗಳ ಪಾಲು.

ಕೇಳಿಕೇಳಿ ಅಜ್ಜಿಗೆ ಇದೆಲ್ಲ ಬಾಯಿಪಾಠವಾಗಿ, ಯಾರೂ ನೇಮಿಸದಿದ್ದರೂ ಅವಳೇ ಅಂಪೈರ್ ಆದಳು. ಕೋಲನ್ನು ಜಗಲಿಗೆ ಕುಟ್ಟಿದರೆ ಆಟ ನಿಲ್ಲಬೇಕು. ಮೈಮೇಲೆ ಬಿದ್ದರೆ, ಕೈ ಹಿಡಿದೆಳೆದರೆ ಫೌಲ್. ಐದು ಫೌಲಾದವರು ಆಟದಿಂದ ಹೊರಗೆ. ಅಣ್ಣ ಹೆಚ್ಚುಕಡಿಮೆ ದಿನವೂ ಹೊರಗಾಗುತ್ತಿದ್ದ, ಅಜ್ಜಿ ಅವನನ್ನು ಬಾವಿಯಿಂದ ನೀರು ಸೇದಲು ಅಟ್ಟುತ್ತಿದ್ದಳು. ಮೊಮ್ಮಗನೆಂಬ ದಾಕ್ಷಿಣ್ಯವಿಲ್ಲ, ಸಫಿಯಾ ಹೊರಗಿನವಳೆಂಬ ಭೇದವೂ ಇಲ್ಲ. ಒಂದು ವಿಷಯ ಮಾತ್ರ ಅವಳು ಕೊನೆಯವರೆಗೂ ಒಪ್ಪಲಿಲ್ಲ. ಹತ್ತಿರದಿಂದ ಹಾಕಿದರೆ ಎರಡು ಪಾಯಿಂಟು, ದೂರದ ಕಮಾನು ಗೆರೆಯ ಹೊರಗಿನಿಂದ ಹಾಕಿದರೆ ಮೂರು, ಫೌಲಿಗೆ ಸಿಗುವ ಫ್ರೀ ಥ್ರೋಗೆ ಬರೀ ಒಂದು. "ಹೋದದ್ದು ಅದೇ ಬಳೆಯ ಒಳಗೆ ಅಲ್ವಾ? ಒಬ್ಬರಿಗೆ ಹೆಚ್ಚು, ಒಬ್ಬರಿಗೆ ಕಮ್ಮಿ, ಇದೆಂತ ನ್ಯಾಯ?" ಚಿಕ್ಕಮ್ಮ ನಕ್ಕು ನಕ್ಕು ಸಾಕಾಗಿ ಚೆಂಡಿನ ಮೇಲೆ ಕೂತುಬಿಡುತ್ತಿದ್ದಳು.

ಇದೊಂದನ್ನೂ ಯಾರೂ ಫೋನಿನಲ್ಲಿ ಚಿಕ್ಕಪ್ಪನಿಗೆ ಹೇಳಿರಲಿಲ್ಲ. ಹೇಳಲು ಚಿಕ್ಕಮ್ಮನಿಗೆ ಧೈರ್ಯವಿರಲಿಲ್ಲ. ಮರುವರ್ಷ ರಜೆಗೆ ಬಂದವನು ಹೇಳಿದ್ದಕ್ಕಿಂತ ಬೇಗ ತಲುಪಿದ. ಟ್ಯಾಕ್ಸಿ ನಿಂತಾಗ ಆಟ ನಡೆಯುತ್ತಿತ್ತು. ಬೆವರಿಳಿಯುತ್ತಿದ್ದ ಚಿಕ್ಕಮ್ಮ ಚೆಂಡು ಹಿಡಿದು ಕಲ್ಲಾಗಿ ನಿಂತಳು. ಚಿಕ್ಕಪ್ಪ ಏನೂ ತೋಚದೆ ಹತ್ತಿರ ಬಂದು, ಅವಳ ಕೈಯಿಂದ ಚೆಂಡು ತೆಗೆದುಕೊಂಡು ಎದೆಗವಚಿ, ಬಳೆಯ ಕಡೆಗೆ ನೆಟ್ಟಗೆ ನಡೆದ. ಕೋಲು ಧಡಾರನೆ ಕುಟ್ಟಿತು.

"ಟ್ರಾವೆಲಿಂಗ್!"

"ಎಂತ ಅಮ್ಮಾ?"

"ದುಬೈಯಿಂದ ಇಲ್ಲಿವರೆಗೆ ಟ್ರಾವೆಲ್ ಮಾಡಿದ್ದು ಸಾಕು. ನನ್ನ ಅಂಗಳದಲ್ಲಿ ಚೆಂಡು ಹಿಡ್ಕೊಂಡು ನಡೆಯುವ ಹಾಗಿಲ್ಲ. ಅವಳಿಗೆ ಕೊಡು, ಬಂದು ಕೂತ್ಕೋ."

ಅವನು ಬೂಟು ಬಿಚ್ಚುವುದನ್ನೂ ಮರೆತು ಜಗಲಿಯಲ್ಲಿ ಕುಳಿತ. ಚಿಕ್ಕಮ್ಮ ಮೊದಮೊದಲು ತಡವರಿಸಿದಳು. ಆಮೇಲೆ ಅವನಿದ್ದಾನೆಂಬುದನ್ನೇ ಮರೆತವಳಂತೆ ಆಡಿದಳು. ದೂರದ ಗೆರೆಯಿಂದ ಅವಳೆಸೆದ ಚೆಂಡು ಹಲಗೆಗೂ ತಾಗದೆ ಬಳೆಯೊಳಗೆ ಇಳಿದಾಗ ಎಲ್ಲರಿಗಿಂತ ಜೋರಾಗಿ ಚಪ್ಪಾಳೆ ತಟ್ಟಿದವನು ಅವನೇ. "ಇವಳು ಇಷ್ಟು ಚಂದ ಆಡ್ತಾಳೆಂದು ನನಗೆ ಗೊತ್ತೇ ಇರ್ಲಿಲ್ಲಮ್ಮ" ಎಂದ.

"ಕೇಳಿದ್ದರೆ ಗೊತ್ತಾಗ್ತಿತ್ತು" ಎಂದಳು ಅಜ್ಜಿ, ಆಟದಿಂದ ಕಣ್ಣು ತೆಗೆಯದೆ.

ಆ ರಜೆಯ ಕೊನೆಗೆ ಚಿಕ್ಕಪ್ಪ ಚಿಕ್ಕಮ್ಮನನ್ನೂ ದುಬೈಗೆ ಕರೆದುಕೊಂಡು ಹೋದ. ವರ್ಷಗಳು ಉರುಳಿದವು; ಅಜ್ಜಿ ಒಂದು ಮಳೆಗಾಲದಲ್ಲಿ ತೀರಿಕೊಂಡಳು. ಸಫಿಯಾ ಮದುವೆಯಾಗಿ ನಾಯ್ಮಾರ್ಮೂಲೆಗೆ ಹೋದಳು. ದುಬೈ ಬಿಟ್ಟು ಬಂದ ಚಿಕ್ಕಮ್ಮ ಈಗ ಮಂಗಳೂರಿನಲ್ಲಿ ಶಾಲೆಯ ಮಕ್ಕಳಿಗೆ ಆಟ ಕಲಿಸುತ್ತಾಳೆ; ಮೊಣಕಾಲು ನೋವು, ಆದರೂ ಗಂಟಲು ಗಟ್ಟಿ. ಹೆದ್ದಾರಿ ಅಗಲವಾಗುವಾಗ ನಮ್ಮ ಮನೆ, ಶೆಡ್ಡು, ಅಂಗಳ ಎಲ್ಲವೂ ಹೋದವು. ಯಾರನ್ನೂ ದೂರುವುದಕ್ಕಿಲ್ಲ, ರಸ್ತೆ ಬೇಕಾಗಿತ್ತು.

ಈಗ ತಲಪಾಡಿಯಿಂದ ಬಸ್ಸಿನಲ್ಲಿ ಬರುವಾಗ ನಾನು ಕಿಟಕಿಯ ಬದಿಗೆ ಕೂರುತ್ತೇನೆ. ಉಪ್ಪಳ ಹತ್ತಿರವಾದಂತೆ ಗುರುತಿಗೆ ಉಳಿದಿರುವ ಮಸೀದಿಯ ಮಿನಾರು ನೋಡಿಕೊಂಡು, ಜಗಲಿ ಇಲ್ಲಿರಬೇಕು, ಬಾವಿ ಅಲ್ಲಿರಬೇಕು ಎಂದು ಅಂದಾಜು ಮಾಡುತ್ತೇನೆ. ಮಾಡುವಷ್ಟರಲ್ಲಿ ಬಸ್ಸು ದಾಟಿರುತ್ತದೆ. ಕಳೆದ ಸಲ ನಾನು ಕತ್ತು ತಿರುಗಿಸಿ ಹಿಂದಕ್ಕೆ ನೋಡುತ್ತಿದ್ದಾಗ ಪಕ್ಕದ ಹೆಂಗಸು ಗಾಬರಿಯಿಂದ ಕೇಳಿದಳು, "ಎಂತ ಅಕ್ಕ, ನಿಮಗೆ ಇಳಿಯುವ ಜಾಗ ಹೋಯ್ತಾ?"

"ಹೌದು ಮಾರಾಯ್ತಿ, ಹೋಯ್ತು" ಎಂದೆ. ಯಾಕೋ ನಗು ಬಂತು.