ನಾನು ಹೇಳದೆ ಬಿಟ್ಟ ಮಗ

ಚಿನ್ನು ಮೊದಲು ಬಿದ್ದದ್ದು ಅಂಗನವಾಡಿ ಮೆಟ್ಟಿಲ ಮೇಲೆ. ಎರಡೂವರೆ ವರ್ಷ. ಓಡಿಕೊಂಡಿದ್ದ ನನ್ನ ಮೊಮ್ಮಗಳು ತುದಿಗಾಲಲ್ಲಿ ನಡೆಯಲು ಶುರು ಮಾಡಿದ್ದಳು. ಎಲ್ಲರೂ ಆಟ ಅಂದರು.

ನನಗೆ ಆ ನಡಿಗೆ ಗೊತ್ತಿತ್ತು.

ಮೂವತ್ತು ವರ್ಷದ ಹಿಂದೆ ನನ್ನ ಚೊಚ್ಚಲ ಮಗ ಹಾಗೇ ನಡೆದಿದ್ದ. ಆಮೇಲೆ ನಿಲ್ಲಲಾಗಲಿಲ್ಲ, ನುಂಗಲಾಗಲಿಲ್ಲ, ಐದು ತುಂಬುವ ಮೊದಲೇ ಹೋದ. ಕೇಳಿದವರಿಗೆಲ್ಲ, ನನ್ನ ತವರಿಗೂ, ಜ್ವರ ಅಂದೆವು. ನಿಜ ಹೇಳಿದರೆ ತೊಟ್ಟಿಲಲ್ಲಿದ್ದ ಮಗಳು ಶೋಭಾಗೆ ಮುಂದೆ ಗಂಡು ಸಿಗುವುದಿಲ್ಲ ಅಂತ ಅತ್ತೆಯವರ ಹೆದರಿಕೆ. ಕೊನೆಗೆ ಅವಳನ್ನು ನನ್ನ ಸ್ವಂತ ತಮ್ಮ ಗಣಪತಿಗೇ ಕೊಟ್ಟೆ. ನಮ್ಮಲ್ಲಿ ಸೋದರಮಾವನಿಗೆ ಕೊಡುವುದು ಹೊಸದಲ್ಲ, ಹೊರಗಿನವರಾದರೆ ನೂರು ಪ್ರಶ್ನೆ ಕೇಳುತ್ತಾರೆ ಅಂತ ಹಟ ಹಿಡಿದವಳು ನಾನೇ. ಅವಳು ಇನ್ನೂ ಓದಬೇಕು ಅಂದಿದ್ದಳು.

ಸಾಗರದ ಡಾಕ್ಟರು, ನಿಮ್ಮ ಪೈಕಿ ಬೇರೆ ಮಕ್ಕಳಿಗೆ ಹೀಗಾಗಿತ್ತಾ ಅಂತ ಕೇಳಿದರು. ಶೋಭಾ ನನ್ನ ಮುಖ ನೋಡಿದಳು.

"ಇಲ್ಲ" ಅಂದೆ.

ಟಾನಿಕ್ ಕೊಟ್ಟರು. ಎಣ್ಣೆ ತಿಕ್ಕಿದೆ, ಕೈ ಹಿಡಿದು ಅಂಗಳದಲ್ಲಿ ನಡೆಸಿದೆ. ನಡೆಯದಿದ್ದಾಗ ಎರಡು ಸಲ ಹೊಡೆದೂ ಇದ್ದೇನೆ. ಎಂಟು ತಿಂಗಳು ಹಾಗೇ ಹೋಯಿತು. ಫಿಟ್ಸ್ ಬಂದ ಮೇಲೆ ಶಿವಮೊಗ್ಗದಲ್ಲಿ ಎಮ್‌ಆರ್‌ಐ, ರಕ್ತದ ಟೆಸ್ಟ್ ಎಲ್ಲ ಆಯಿತು.

ನರದ ಮೇಲೆ ಮೈಲಿನ್ ಅಂತ ಒಂದು ಹೊದಿಕೆ ಇರುತ್ತದಂತೆ. ಚಿನ್ನುವಿನದ್ದು ಸವೆಯುತ್ತಿದೆ. ಅಪ್ಪ ಅಮ್ಮ ಇಬ್ಬರ ಕಡೆಯಿಂದಲೂ ದೋಷ ಬಂದರೆ ಮಾತ್ರ ಬರುವ ಕಾಯಿಲೆ ಅಂದ ಡಾಕ್ಟರು, ಗಂಡಸಿಗೆ ಚೌಕ, ಹೆಂಗಸಿಗೆ ಸೊನ್ನೆ ಹಾಕಿ ನಮ್ಮ ಸಂಸಾರದ ಚಿತ್ರ ಬರೆದರು. ಸತ್ತವರ ಮೇಲೆ ಒಂದು ಅಡ್ಡಗೀಟು. ನನ್ನ ಗಂಡನಿಗೂ ಎಳೆದರು.

ಶೋಭಾ ಆಗ ಮೂರು ತಿಂಗಳ ಬಸುರಿ. ಹೊಟ್ಟೆಯಲ್ಲಿರುವುದಕ್ಕೂ ಟೆಸ್ಟ್ ಮಾಡಿಸಿ ಅಂದರೆ ಗಣಪತಿ ಒಪ್ಪಲಿಲ್ಲ. ನಮ್ಮಲ್ಲಿ ಯಾರಿಗೂ ಇಲ್ಲ, ಇದೊಂದು ಹೇಗೋ ಆಗಿದೆ, ಸೂಜಿ ಚುಚ್ಚಿ ಆ ಮಗುವಿಗೂ ಏನಾದರೂ ಆದರೆ ಅಂದ. ಶೋಭಾ ಹೌದೆಂದು ತಲೆ ಆಡಿಸಿದಳು.

ನಾನು ಹಾಳೆಯ ಮೇಲೆ ಬೆರಳಿಟ್ಟೆ.

"ಶೋಭನ ಪಕ್ಕ ಇನ್ನೊಂದು ಚೌಕ ಹಾಕಿ ಸಾರ್. ಅಡ್ಡಗೀಟೂ ಎಳೀರಿ. ನನ್ನ ಮಗ. ಜ್ವರ ಅಲ್ಲ, ಇದೇ."

"ಗೊತ್ತಿತ್ತಾ ಅಕ್ಕ ನಿಂಗೆ?"

"ಗೊತ್ತಿತ್ತು."

ಶೋಭಾ ಎದ್ದು ಹೊರಗೆ ಹೋದಳು. ಊರಿಗೆ ಹೋಗುವ ಬಸ್ಸು ಆನಂದಪುರ ದಾಟಿತು. ಆಮೇಲೆ ಗಣಪತಿ ಕಿಟಕಿ ಕಡೆ ನೋಡಿಕೊಂಡೇ ಅಂದ, "ಹೊರಗಿನವ್ರು ನೂರು ಪ್ರಶ್ನೆ ಕೇಳ್ತಾರೆ ಅಂದಿದ್ಯಲ್ಲ. ಕೇಳ್ಬೇಕಿತ್ತು ಅಕ್ಕ."

ಟೆಸ್ಟ್ ಮಾಡಿಸಿದರು. ಮಗುವಿಗೆ ಕಾಯಿಲೆ ಇಲ್ಲ. ಈಗ ನಾಲ್ಕು ತಿಂಗಳು ಅವನಿಗೆ, ಕಾಲು ಒದೆಯುವುದನ್ನು ನಾನು ದಿನಾ ನೋಡುತ್ತೇನೆ.

ಚಿನ್ನು ಕೂರುವುದಿಲ್ಲ. ಮೂಗಿನ ಟ್ಯೂಬಿನಲ್ಲಿ ಗಂಜಿ. ಮೊದಲೇ ಹೇಳಿದ್ದರೆ ಉಳಿಯುತ್ತಿದ್ದಳಾ ಅಂತ ಡಾಕ್ಟರನ್ನು ಕೇಳಿದೆ. ಕಾಲು ಸೋಲಲು ಶುರುವಾದ ಮೇಲೆ ಯಾರಿಗೂ ಹೆಚ್ಚು ಮಾಡಲಾಗುವುದಿಲ್ಲ ಅಂದರು. ಇರಬಹುದು. ಮದುವೆಗೆ ಮೊದಲು ಬಾಯಿ ಬಿಟ್ಟಿದ್ದರೆ ಈ ಪ್ರಶ್ನೆಯೇ ಇರುತ್ತಿರಲಿಲ್ಲ. ಚಿನ್ನು ನನ್ನ ದನಿ ಕೇಳಿದರೆ ಇನ್ನೂ ಇತ್ತ ಕಣ್ಣು ತಿರುಗಿಸುತ್ತಾಳೆ. ಅಷ್ಟು ಸಾಕು ಅನ್ನಲಾರೆ. ಅಷ್ಟಿದೆ.

ಆ ದಿನದಿಂದ ಶೋಭಾ ನನ್ನನ್ನು ಅಮ್ಮ ಅಂತ ಕರೆದಿರಲಿಲ್ಲ. ಕೆಲಸಕ್ಕೆ ಬೇಕಾದಷ್ಟೇ ಮಾತು. ಹೋದ ವಾರ ನಾನು ಗಂಜಿ ಸೋಸುತ್ತಿದ್ದೆ. ಅವಳು ಆಸ್ಪತ್ರೆ ಫೈಲು ಬಿಚ್ಚಿ, ಪೆನ್ನು ಹಿಡಿದು, ಆ ಹಾಳೆ ಮುಂದಿಟ್ಟುಕೊಂಡು ಕೂತಿದ್ದಳು.

"ಅಣ್ಣನ ಹೆಸ್ರೇನಿತ್ತು ಅಮ್ಮಾ?"

ಹೇಳಿದೆ. ಚೌಕದ ಕೆಳಗೆ ಬರೆದುಕೊಂಡಳು.